ಬಿರಡೆ ಹಾಕಿದ್ದು ಯಾರು

ಹಲೋ... ಹಾಂ, ಔಷಧಿ ಅಂಗಡಿನೇ. ಬೆಳೆ ಔಷಧಿದು. ಯಾರು ಮಾತಾಡ್ತಿರೋದು?... ಯಾರು?... ಓ, ಭಾವ, ನೀವಾ! ಮೊದಲು ಆ ಪಂಪ್ ಆಫ್ ಮಾಡಿ, ಏನೂ ಕೇಳಿಸ್ತಿಲ್ಲ.

...

ನಕಲಿ ಔಷಧಿನಾ? ಬಾಯಿಗೆ ಬಂದಂಗೆ ಅನ್ನಬೇಡಿ ಭಾವ, ಅಂಗಡಿ ತುಂಬ ಗಿರಾಕಿಗಳಿದ್ದಾರೆ. ಆಗಿದ್ದೇನು, ಅದನ್ನ ಹೇಳಿ.

...

ನಿನ್ನೆ ಹೊಡೆದಿದ್ದಾ?... ಹಾಂ... ಮೊದಲನೇ ಸಾಲಲ್ಲಿ ಹುಳ ಆರಾಮಾಗಿ ಮೇಯ್ತಿದೆ, ಕೊನೇ ಸಾಲಲ್ಲಿ ಎಲೆ ಸುಟ್ಟಿದೆ. ಒಂದೇ ಟ್ಯಾಂಕು, ಅಲ್ವಾ?... ಹಾಗಾದ್ರೆ ಔಷಧಿ ಪುಡಿಯೆಲ್ಲ ಟ್ಯಾಂಕಿನ ತಳಕ್ಕೆ ಕೂತಿದೆ, ಮೊದಲು ಬರೀ ನೀರು ಹೋಗಿದೆ, ಕೊನೆಗೆ ಗಟ್ಟಿ ಔಷಧಿ. ಆ ಕಡೆ ಹುಳಕ್ಕೆ ಸ್ನಾನ ಮಾಡಿಸಿದ್ದೀರಿ, ಈ ಕಡೆ ಗಿಡಕ್ಕೆ ಬೆಂಕಿ ಇಟ್ಟಿದ್ದೀರಿ.

...

ಪುಡಿನ ಹೇಗೆ ಕಲಸಿದ್ರಿ?... ಬಕೆಟ್ಟಲ್ಲಿ, ಸ್ವಲ್ಪ ನೀರಲ್ಲಿ, ಗಂಟಿಲ್ಲದ ಹಾಗೆ?... ಆಮೇಲೆ ಅರ್ಧ ತುಂಬಿದ ಟ್ಯಾಂಕಿಗೆ ಸುರಿದ್ರಿ?... ಸರಿಯಾಗೇ ಮಾಡಿದ್ದೀರಲ್ಲ! ಸೂರ್ಯ ಏನಾದ್ರೂ ಪಶ್ಚಿಮದಲ್ಲಿ ಹುಟ್ಟಿದ್ನಾ?

...

ಇರಿ ಇರಿ. ಪಂಪಿನಿಂದ ಟ್ಯಾಂಕಿಗೆ ವಾಪಸ್ ಬರೋ ಸಣ್ಣ ಪೈಪಿದೆಯಲ್ಲ, ಅದರಲ್ಲಿ ನೀರು ಬರ್ತಿತ್ತಾ?... ಬಿರಡೆ ಹಾಕಿ ಮುಚ್ಚಿತ್ತಾ? ಯಾಕೆ?... ಗಿಡಕ್ಕೆ ಹೋಗಬೇಕಾದ ಔಷಧಿ ವಾಪಸ್ ಬಂದು ದಂಡ ಆಗ್ತಿತ್ತಾ? ಅಯ್ಯೋ ನನ್ನ ಕರ್ಮವೇ! ಟ್ಯಾಂಕನ್ನ ಕದಡೋದೇ ಆ ಪೈಪು ಭಾವ! ಅದು ನಿಂತ್ರೆ ಪುಡಿ ತಳದಲ್ಲಿ ಗೊರಕೆ ಹೊಡೆಯುತ್ತೆ.

...

ಯಾವ ಮಹಾನುಭಾವರ ಉಪಾಯ ಇದು?... ನಿಮ್ಮದೇನಾ? ಮತ್ತೆ ಇನ್ಯಾರದ್ದು! ತಲೇಲಿ ಮಣ್ಣಿದ್ದಿದ್ರೆ ಹುಲ್ಲಾದ್ರೂ ಬೆಳೀತಿತ್ತು. ನಿಮ್ಮ ತಲೇಲಿ ಅದೂ ಇಲ್ಲ.

...

ಕೊನೇ ಸಾಲಲ್ಲಿ ಏನಿತ್ತು?... ಅಕ್ಕನ ಹೂಕೋಸಾ? ಮಗು ಥರ ಸಾಕಿದ್ಲಲ್ಲ ಅದನ್ನ! ಮುಗೀತು ನಿಮ್ಮ ಕಥೆ... ಸುಳಿ ನೋಡಿ, ಹಸಿರಾಗಿದೆಯಾ?... ಬಗ್ಗಿ ನೋಡಿ ಭಾವ, ಸೊಂಟ ಮುರಿಯಲ್ಲ... ಇದೆಯಾ? ಹಾಗಾದ್ರೆ ಬದುಕುತ್ತೆ. ಬರೀ ನೀರು ಕೊಡಿ, ಇನ್ನೇನೂ ಹೊಡೀಬೇಡಿ.

...

ಏನು? ಔಷಧಿನೇ ಸರಿ ಇರಲಿಲ್ಲ ಅಂತ ಅಕ್ಕನಿಗೆ ನಾನು ಹೇಳಬೇಕಾ? ಚೆನ್ನಾಗಿದೆ! ನಿಮ್ಮ ಮಾನ ಉಳಿಸೋಕೆ ನನ್ನ ಅಂಗಡಿಗೆ ಬೀಗ ಹಾಕ್ಲಾ?... ಆಗಲ್ಲ. ಬಂದ್ಲಾ ಅಲ್ಲಿಗೆ? ಕೊಡಿ ಫೋನು. ಕೊಡಿ ಅಂದ್ರೆ.

...

ಅಕ್ಕಾ, ನಾನೇ. ಗಿಡ ಉಳಿಯುತ್ತೆ, ಅಳಬೇಡ. ನಿನ್ನ ಗಂಡನ್ನ ಮಾತ್ರ ಇನ್ಮೇಲೆ ಪಂಪ್ ಹತ್ರ ಬಿಡಬೇಡ. ಆ ಪೈಪಿಗೆ ಬಿರಡೆ ಹಾಕಿ... ಏನಂದೆ?

...

ನೀನಾ?... ನೀನೇನಾ ಹಾಕಿದ್ದು?... ಭಾವನಿಗೆ ಗೊತ್ತಿತ್ತಾ?... ಗೊತ್ತಿದ್ದೂ ನನ್ನ ಹತ್ರ ಇಷ್ಟು ಉಗಿಸಿಕೊಂಡ್ರಾ?... ಫೋನ್ ಅವರಿಗೆ ಕೊಡು. ಕೊಡೇ, ಆಮೇಲೆ ಅಳು.

...

ಭಾವ... ನಾಚಿಕೆ ಆಗ್ತಿದೆ ನನಗೆ. ತಿರುಗಿ ಒಂದು ಮಾತಾದ್ರೂ ಅನ್ನಬಾರದಿತ್ತಾ? ನೀವು ದೊಡ್ಡವರು. ಇಲ್ಲಿ ಒಂದು ಡಬ್ಬಿ ಬಿದ್ರೂ ನಾನು ಮೊದಲು ಹೇಳೋದು ಹೆಂಡ್ತಿ ಹೆಸರೇ. ನಾನೇ ಬೀಳಿಸಿದ್ರೂ ಅಷ್ಟೇ...

...

ಹಾಂ, ಅವಳೂ ಅಂಗಡೀಲೇ ಇದ್ದಾಳೆ... ಅಯ್ಯೋ. ಹಿಂದೆನೇ ನಿಂತಿದ್ದಾಳೆ ಭಾವ... ಕೇಳಿಸಿಕೊಂಡಿದ್ದಾಳೆ... ಫೋನ್ ಇಡಬೇಡಿ, ದಮ್ಮಯ್ಯ. ನೀವೇ ಇನ್ನೂ ಸ್ವಲ್ಪ ಹೊತ್ತು ನನ್ನ ಬೈಯಿರಿ... ಹಲೋ?... ಭಾವ?... ಹಲೋ?...