ಕ್ಲಬ್ಬಿನಲ್ಲಿ ಕುಣಿದ ಚರ್ಚ್ ಕ್ವಾಯರ್

ಹುಬ್ಬಳ್ಳಿಯಲ್ಲಿ ಮ್ಯಾಟಿನಿ ಬಿಟ್ಟಿತ್ತು. ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ತಾಯಿ, ಮಗಳು ನಿಂತಿದ್ದರು.

“ಫೇಬಿ, ಡ್ರಗ್ಸ್ ಮಾರೋ ಹುಡುಗ್ರ ಪಿಚ್ಚರ್‌ದಾಗ, ಕ್ಲಬ್ಬಿನ್ಯಾಗ ಕುಣಿಯಾಕ ಚರ್ಚಿನ್ಯಾಗ ಹಾಡೋ ನಿಮ್ಮ ಕ್ವಾಯರ್ ಹೋಗಬೇಕಿತ್ತೇನ?”

“ಡೈರೆಕ್ಟರ್‌ಗ ಬ್ಯಾರೆ ಯಾರೂ ಸಿಗಲಿಲ್ಲ ಮಮ್ಮಿ.”

“ಅಲ್ಲೂ ಸಾಲಾಗಿ ನಿಂತು ತೂಗಾಡೀರಿ! ಪೊಲೀಸ್ರು ಬಂದ್ರೂ ಓಡಲಿಲ್ಲ!”

“ಹಾಡು ಮುಗಿದಿರಲಿಲ್ಲ. ಅರ್ಧಕ್ಕ ಹೆಂಗ ಬಿಡೋದು?”

“ಅದಕ್ಕ ಟಾಕೀಸ್ ತುಂಬ ಸೀಟಿ ಬಿತ್ತು.”

“ನೀ ಎದ್ದು ನಿಂತಿದ್ದಿಯಲ್ಲ, ಸಿಟ್ಟಿಗೇನ?”

“ಚರ್ಚಿನ್ಯಾಗ ಕ್ವಾಯರ್ ಹಾಡಾಕ ನಿಂತ್ರ ಎದ್ದು ನಿಲ್ಲೋದು ನನಗ ರೂಢಿ. ನನ್ನ ನೋಡಿ ಹಿಂದಿನವ್ರು ಎದ್ರು. ಆಮ್ಯಾಲ ಇಡೀ ಟಾಕೀಸ ಎದ್ದು ಚಪ್ಪಾಳಿ ಹೊಡೀತು!”

ಧಾರವಾಡದ ಬಸ್ ಬಂತು. ತಾಯಿ ಮೊದಲು ಹತ್ತಿದರು.

“ನಾಳೆ ಪಾಸ್ಟರ್ ಅವ್ರನ್ನೂ ಕರ್ಕೊಂಡು ಬರೂಣು.”

“ಬ್ಯಾಡ ಮಮ್ಮಿ, ಬೈತಾರ!”

“ಬೈಲಿ. ಎದ್ದು ನಿಂತು ಬೈಲಿ.”