ತೆಳ್ಳನೆಯ ತೋಳು

ಜಾಕೆಟ್ ಅಂಗಡಿಯ ಮೂಲೆಯಲ್ಲಿ ಕೂತು ಕೆಟ್ಟ ಜಿಪ್ಪು ಬಿಚ್ಚುತ್ತಿದ್ದ ಮುದುಕನಿಗೆ, ಎದುರು ನಿಂತ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹಿಮ ಬೀಳುವ ಬೆಟ್ಟದ ರೋಪ್‌ವೇಯಲ್ಲಿ ಗಂಡನಿಗೆ ಕೆಲಸ ಸಿಕ್ಕಿತ್ತಂತೆ, ನಾಳೆಯೇ ಪ್ರಯಾಣ.

“ಈ ದಪ್ಪಂದು ತಗೊಳ್ರೀ. ಕಂಬಳಿ ಹೊದ್ದ ಹಾಗಿರತ್ತೆ.”

“ಹೊದ್ದು ಮಲಗೋಕೆ ಹೋಗ್ತಿದೀನಾ? ಇದ್ರಲ್ಲಿ ಕೈಯೇ ಆಡಲ್ಲ ಕಣೇ. ತೆಳ್ಳಗಿರ್ಬೇಕು, ಬೆಚ್ಚಗೂ ಇರ್ಬೇಕು, ನೀರು ಇಳೀಬಾರ್ದು.”

“ಟಿಕೆಟ್ ಹರಿಯೋರಿಗೆ ನೀರೆಲ್ಲಿಂದ ಬರತ್ತೆ? ಗಾಜಿನ ರೂಮು, ಹೀಟರ್ ಇದೆ ಅಂದ್ರಲ್ಲ.”

“ಬಾಗಿಲು ಗೀಗಿಲು ತೆಗೀಬೇಕಲ್ಲ...”

ಅವನು ತೆಳ್ಳನೆಯದೊಂದನ್ನು ತೊಟ್ಟು, ತೋಳಿನ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದು ಎಳೆದೆಳೆದು ನೋಡಿದ. ಹೆಂಡತಿಯ ಮುಖ ಸಪ್ಪಗಾಯಿತು.

“ನಮ್ಮಣ್ಣನ ತೋಳು ಅದೇ ರೋಪ್‌ವೇ ಗಾಲಿಗೆ ಸಿಕ್ಕಿದ್ದು ಹೇಗೆ? ದಪ್ಪ ಜಾಕೆಟ್ ಹಾಕ್ಕೊಂಡಿದ್ದಕ್ಕೇ ಅಲ್ವಾ?”

“ಈಗ್ಯಾಕೆ ಆ ಮಾತು?”

“ಅವನ ಜಾಗಕ್ಕೇ ಹೋಗ್ತಿದೀರ. ಟಿಕೆಟ್ ಹರಿಯೋಕಲ್ಲ, ಕಂಬ ಹತ್ತಿ ಗ್ರೀಸ್ ಹಚ್ಚೋಕೆ.”

“ನಿಮ್ಮಣ್ಣನೇ ಹೇಳಿದ್ದು, ತೆಳ್ಳಗಿರೋದೇ ತಗೋ ಅಂತ.”

“ಅವನಿಗೂ ಗೊತ್ತು. ನಾನೊಬ್ಳೇ ಪೆದ್ದಿ.”

“ಹೇಳಿದ್ರೆ ಕಳಿಸ್ತಿದ್ಯಾ?”

ಅವನು ತೊಟ್ಟಿದ್ದ ಬೂದು ಬಣ್ಣದ್ದನ್ನು ಬಿಚ್ಚಿಸಿ, ಅದೇ ಅಳತೆಯ ಕೆಂಪನೆಯದನ್ನು ಆರಿಸಿದಳು.

“ಕೆಂಪಾ? ಮದುಮಗನ ಹಾಗೆ?”

“ಮಂಜಲ್ಲಿ ಕಾಣ್ಸತ್ತೆ. ಸುಮ್ನಿರಿ.”

ಆಮೇಲೆ ಮುದುಕನ ಹತ್ತಿರ ಬಂದಳು.

“ತಾತಾ, ಈ ಸೊಂಟದ ದಾರ ಜೋತಾಡ್ತಿದೆ. ಕತ್ತರಿಸಿಬಿಡಿ. ಟೋಪಿದೂನು.”

ಮುದುಕ ಎರಡನ್ನೂ ಬುಡದಲ್ಲೇ ಕತ್ತರಿಸಿಕೊಟ್ಟ. ಅವಳು ತೋಳಿನೊಳಗೆ ತನ್ನ ಕೈ ತೂರಿಸಿ, ಎಲ್ಲಿಯಾದರೂ ಸಡಿಲವಿದೆಯೇ ಎಂದು ತಡವುತ್ತಲೇ ಬಾಗಿಲು ದಾಟಿದಳು. ಗಂಡ ಎರಡು ಹೆಜ್ಜೆ ಹಿಂದೆಯೇ ನಡೆದ.