ಬುಧವಾರ ಎರಡರಿಂದ ನಾಲ್ಕು

ಜಾಲಹಳ್ಳಿಯಿಂದ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರಿದ್ದರು. ಬ್ಯೂಟಿ ಪಾರ್ಲರ್ ನಡೆಸುವ ರೂಬಿ, ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಯಶೋಧಾ. ಅವರ ಮಾತಿನಿಂದಲೇ ಇಷ್ಟು ತಿಳಿಯಿತು.

“ಬುಧವಾರ ಮಧ್ಯಾಹ್ನ ಷಟರ್ ಯಾಕೆ ಅರ್ಧ ಇಳಿಸಿರ್ತೀಯ ರೂಬಿ?” ಎಂದರು ಯಶೋಧಾ.

“ಮಲಗ್ತೀನಿ ಅಕ್ಕ. ಫೇಶಿಯಲ್ ಮಾಡೋ ಕುರ್ಚೀಲೇ. ಎರಡರಿಂದ ನಾಲ್ಕು.”

“ಗಿರಾಕಿಗಳು ಬಂದ್ರೆ?”

“ನಾಲ್ಕಕ್ಕೆ ಬನ್ನಿ ಅಂತ ಬೋರ್ಡ್ ಹಾಕಿದೀನಿ. ಬರ್ತಾರೆ. ಇಷ್ಟು ವರ್ಷ ಸುಮ್ನೆ ಹೆದರ್ಕೊಂಡಿದ್ದೆ.”

“ನಿಮ್ಮತ್ತೆಗೆ ಗೊತ್ತಾ?”

“ಹೋದ ವಾರ ಗೊತ್ತಾಯ್ತು. ಊಟದ ಡಬ್ಬಿ ಕೊಡಕ್ಕೆ ಬಂದವರು ಬಗ್ಗಿ ಸೀದಾ ಒಳಗೇ ಬಂದ್ಬಿಟ್ರು. ನಾನು ಗೊರಕೆ ಹೊಡೀತಿದ್ದೆ.”

“ಅಯ್ಯೋ! ಬೈದ್ರಾ?”

“ಬೈತಾರೆ ಅಂತಾನೇ ಎದ್ದು ನಿಂತೆ. ಅವರು ಇನ್ನೊಂದು ಕುರ್ಚಿ ಮುಟ್ಟಿ, ‘ಇದೂ ಹಿಂದಕ್ಕೆ ಬಾಗತ್ತಾ?’ ಅಂದ್ರು.”

ಯಶೋಧಾ ಜೋರಾಗಿ ನಕ್ಕರು.

“ಐದೇ ನಿಮಿಷ ಅಂದವರು ಒಂದೂವರೆ ಗಂಟೆ ನಿದ್ದೆ ಮಾಡಿದ್ರು ಅಕ್ಕ. ಎದ್ದಾಗ ಒಂದೇ ಗಾಬರಿ. ‘ಬೆಳಗಾಗೋಯ್ತಾ? ಯಾರಿಗೂ ಟೀ ಕೊಟ್ಟಿಲ್ವಲ್ಲ!’ ಅಂತ.”

“ಪಾಪ, ಹಗಲು ಮಲಗಿ ಅಭ್ಯಾಸವೇ ಇಲ್ಲ.”

“ಮದುವೆಯಾದ ನಲವತ್ತು ವರ್ಷದಲ್ಲಿ ಅದೇ ಮೊದಲಂತೆ. ‘ಇನ್ನೂ ಟೈಮಿದೆ, ಮಲಗಿ’ ಅಂದೆ. ನನ್ನ ಕೈ ಹಿಡ್ಕೊಂಡೇ ಮತ್ತೆ ಮಲಗಿದ್ರು.”

ಸೋಲದೇವನಹಳ್ಳಿ ಬಂತು. ಇಬ್ಬರೂ ಎದ್ದರು. ಬಾಗಿಲ ಬಳಿ ಯಶೋಧಾ ರೂಬಿಯ ಕಿವಿಯಲ್ಲಿ ಏನೋ ಕೇಳಿದರು.

“ಅದಕ್ಕೇನು, ಬನ್ನಿ ಅಕ್ಕ,” ಎನ್ನುತ್ತಾ ರೂಬಿ ಇಳಿದಳು. “ಅತ್ತೆಗೊಂದು ಕುರ್ಚಿ, ನಿಮಗೊಂದು. ನಾನು ಚಾಪೆ ಹಾಸ್ಕೋತೀನಿ.”